ಹೈಡ್ರಾ ದ್ವೀಪದ ಖರ್ಚು-ವೆಚ್ಚ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. 1988ರ ಎಸ್.ಎಸ್.ಎಲ್.ಸಿ. ತಂಡದವನು, ಈಗ ಮಗಳ ಮದುವೆಯ ಓಡಾಟದಲ್ಲಿದ್ದಾನೆ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, ಅಷ್ಟು ಹೊತ್ತೂ ತಡೆದುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ: "ಸಾರ್, ಗ್ರೀಸಿಗೆ ಹೋಗಿದ್ದಿರಂತೆ. ಒಟ್ಟು ಎಷ್ಟು ಖರ್ಚಾಯ್ತು ಸಾರ್?" ನಾನು ಒಂದು ಮೊತ್ತ ಹೇಳಿದೆ. ಅವನು "ಅಯ್ಯಪ್ಪಾ!" ಎಂದ. ಇಬ್ಬರೂ ನಕ್ಕೆವು. ಆದರೆ ಫೋನು ಇಟ್ಟ ಮೇಲೆ, ನಾನು ಹೇಳಿದ ಉತ್ತರ ಪೂರ್ತಿ ಸರಿಯಲ್ಲವೆಂಬ ಕಸಿವಿಸಿ ಬಹಳ ಹೊತ್ತು ಕಾಡಿತು. ಲೆಕ್ಕ ಬಿಡಿಸಿದವರು ಹಂತಗಳನ್ನು ತೋರಿಸದಿದ್ದರೆ ಪೂರ್ಣ ಅಂಕ ಕೊಡುವುದಿಲ್ಲವೆಂದು ನಿಮ್ಮನ್ನೆಲ್ಲ ಗದರಿಸಿದವನು ನಾನು. ಆದ್ದರಿಂದ ಆ ಹಂತಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೈಡ್ರಾ ಎಂಬ ಹೆಸರು ನನ್ನ ತಲೆಯನ್ನು ಹೊಕ್ಕಿದ್ದು 1972-73ರಲ್ಲಿ, ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ. ಗ್ರಂಥಾಲಯದಲ್ಲಿ ಅಮೆರಿಕದ ಲೇಖಕ ಹೆನ್ರಿ ಮಿಲ್ಲರ್ ಅವರ 'ದಿ ಕೊಲಾಸಸ್ ಆಫ್ ಮರೂಸಿ' ಎಂಬ ಪುಸ್ತಕ ಕೈಗೆ ಸಿಕ್ಕಿತು. 1939ರಲ್ಲಿ ಅವರು ಗ್ರೀಸಿಗೆ ಹೋಗಿ ಅಲೆದಾಡಿದ ಕಥನ ಅದು, ಪ್ರಕಟವಾದದ್ದು 1941ರಲ್ಲಿ. ಅವರನ್ನು ಕರೆಸಿಕೊಂಡ ಗೆಳೆಯ ಲಾರೆನ್ಸ್ ಡರೆಲ್ ಆಗ ಕಾರ್ಫು ದ್ವೀಪದಲ್ಲಿ ವಾಸವಾಗಿದ್ದರು. ಆ ಪ್ರವಾಸದಲ್ಲಿ ಮಿಲ್ಲರ್ ಹೈಡ್ರಾಕ್ಕೂ ಹೋಗಿಬಂದರು. ಆ ಪುಟಗಳನ್ನು ಓದಿದಾಗಿನಿಂದ, ಸಮುದ್ರದ ನಡುವೆ ಒಂದು ಬಂಡೆ, ಅದರ ಮೇಲೊಂದು ಬಿಳಿಯ ಮನೆ, ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಬಿಳಿ ಕಾಗದ, ಇಷ್ಟು ನನ್ನ ಮನಸ್ಸಿನಲ್ಲಿ ನೆಟ್ಟುಬಿಟ್ಟಿತು. ಬಾಡಿಗೆ ಕಡಿಮೆ, ಊಟ ಕಡಿಮೆ, ಬಂಧುಬಳಗದ ಕಾಟವಿಲ್ಲ. ಇಂಥ ಕಡೆ ಒಂದು ವರ್ಷ ಇದ್ದರೆ ಯಾರು ತಾನೆ ಕಾದಂಬರಿ ಬರೆಯಲಾರರು ಎಂದುಕೊಂಡಿದ್ದೆ.

ಆ ದ್ವೀಪವನ್ನು ಕಣ್ಣಾರೆ ಕಂಡದ್ದು ಐವತ್ತೊಂದು ವರ್ಷಗಳ ಬಳಿಕ, 2024ರ ಅಕ್ಟೋಬರಿನಲ್ಲಿ. ನನಗಾಗ ಎಪ್ಪತ್ತೈದು. ಮಗಳು ಜರ್ಮನಿಯ ಮ್ಯೂನಿಚ್ ನಗರದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ, "ಅಪ್ಪಾ, ನಿನ್ನ ಆ ಬಂಡೆಯನ್ನು ಒಮ್ಮೆ ನೋಡಿಕೊಂಡು ಬಂದುಬಿಡೋಣ" ಎಂದಳು. ವಿಮಾನದ ಟಿಕೆಟು ತನ್ನದೆಂದಳು. ಉಳಿದದ್ದೆಲ್ಲ ನನ್ನ ಪಿಂಚಣಿಯ ಹಣದಿಂದಲೇ ಎಂದು ನಾನು ಹಟ ಹಿಡಿದೆ. ವೀಸಾಕ್ಕೆ ಆಗಲೇ 90 ಯೂರೋ ಕಟ್ಟಿಯಾಗಿತ್ತು. ಯೂರೋ ಒಂದಕ್ಕೆ ಆಗ ಸುಮಾರು 91 ರೂಪಾಯಿ. ಯಾವುದನ್ನು ಕೊಂಡರೂ ಮನಸ್ಸಿನಲ್ಲಿ 91ರ ಮಗ್ಗಿ ಹೇಳಿಕೊಳ್ಳುವ ಅಭ್ಯಾಸ ಅಂದಿನಿಂದ ಶುರುವಾಯಿತು.

ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ಮೆಟ್ರೋ ರೈಲು ನೇರವಾಗಿ ಹೋಗುತ್ತದೆ. ತಲೆಗೆ 9 ಯೂರೋ. ಪಿರೇಯಸ್ಸಿನಿಂದ ಹೈಡ್ರಾಕ್ಕೆ ವೇಗದ ಹಡಗಿನಲ್ಲಿ ಎರಡು ಗಂಟೆಯೊಳಗಿನ ಪಯಣ. ತಲೆಗೆ ಒಂದು ದಾರಿಗೆ ಹತ್ತಿರ ಹತ್ತಿರ 40 ಯೂರೋ. ಊರಿನವರು ಅದನ್ನು 'ಈದ್ರಾ' ಎನ್ನುತ್ತಾರೆ. ಹಡಗು ಬಂದರಿನೊಳಗೆ ತಿರುಗಿದೊಡನೆ ಇಡೀ ಊರು ಒಮ್ಮೆಲೇ ಎದುರಾಗುತ್ತದೆ. ಬಂದರನ್ನು ಕುದುರೆಲಾಳದಂತೆ ಸುತ್ತುವರಿದು, ಗುಡ್ಡದ ಮೇಲೆ ಮೇಲೆ ಏರಿದ ಕಲ್ಲುಮನೆಗಳು, ನೀರಿನಂಚಿನಲ್ಲಿ ಗಡಿಯಾರ ಗೋಪುರ, ಹಳೆಯ ಫಿರಂಗಿಗಳು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಪುಟ್ಟ ದ್ವೀಪದ ವರ್ತಕರ ಹಡಗುಗಳು ಮೆಡಿಟರೇನಿಯನ್ ಸಮುದ್ರದ ತುಂಬ ಓಡಾಡುತ್ತಿದ್ದವು. 1821ರಲ್ಲಿ ಗ್ರೀಕರು ಸ್ವಾತಂತ್ರ್ಯಕ್ಕಾಗಿ ದಂಗೆಯೆದ್ದಾಗ ಅದೇ ಹಡಗುಗಳು ಯುದ್ಧನೌಕೆಗಳಾದವು. ಈಗ ದ್ವೀಪದ ಜನಸಂಖ್ಯೆ ಎರಡು ಸಾವಿರದ ಆಸುಪಾಸು, ನಮ್ಮ ಮಲೆನಾಡಿನ ಒಂದು ದೊಡ್ಡ ಹಳ್ಳಿಯಷ್ಟು.

ಅಲ್ಲಿ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲೂ ಇಲ್ಲ. ಕಸದ ಗಾಡಿಯಂಥ ಒಂದೆರಡು ಸಾರ್ವಜನಿಕ ಸೇವೆಯ ವಾಹನಗಳನ್ನು ಬಿಟ್ಟರೆ ಎಲ್ಲವೂ ಹೇಸರಗತ್ತೆ, ಕತ್ತೆಗಳ ಬೆನ್ನ ಮೇಲೆಯೇ ಸಾಗಬೇಕು: ಸಿಮೆಂಟು, ಅಡುಗೆ ಅನಿಲ, ಫ್ರಿಜ್ಜು, ಪ್ರವಾಸಿಗರ ಪೆಟ್ಟಿಗೆ. ನಮ್ಮ ಎರಡು ಪೆಟ್ಟಿಗೆಗಳನ್ನು ಮೇಲಿನ ಕೋಣೆಗೆ ಸಾಗಿಸಲು ಹೇಸರಗತ್ತೆಯವನು 20 ಯೂರೋ ಕೇಳಿದ. ನಾನು ಮನಸ್ಸಿನಲ್ಲೇ 91ರ ಮಗ್ಗಿ ಹೇಳಿಕೊಂಡು, "ನಾನೇ ಹೊರುತ್ತೇನೆ" ಎಂದೆ. ಮಗಳು ಮಾತಾಡದೆ ಮೆಟ್ಟಿಲುಗಳ ಕಡೆ ಕೈ ತೋರಿಸಿದಳು. ನಾನು 20 ಯೂರೋ ಕೊಟ್ಟೆ.

ಈ ಊರಿಗೆ ಲೇಖಕರು ಬಂದು ನೆಲೆಸಿದ್ದಕ್ಕೆ ಸಮುದ್ರದ ಚೆಲುವು ಒಂದೇ ಕಾರಣವಲ್ಲ. ಅಗ್ಗವಾಗಿತ್ತೆಂಬುದೂ ಅಷ್ಟೇ ಮುಖ್ಯವಾದ ಕಾರಣ. ಆಸ್ಟ್ರೇಲಿಯಾದ ಪತ್ರಕರ್ತ ಜಾರ್ಜ್ ಜಾನ್‌ಸ್ಟನ್ ಮತ್ತು ಅವರ ಪತ್ನಿ ಚಾರ್ಮಿಯನ್ ಕ್ಲಿಫ್ಟ್ ಇಬ್ಬರೂ ಲೇಖಕರು. ಜಾರ್ಜ್ ಲಂಡನ್ನಿನ ಒಳ್ಳೆಯ ಕೆಲಸವನ್ನು ಬಿಟ್ಟರು. ಎರಡು ಮಕ್ಕಳನ್ನು ಕಟ್ಟಿಕೊಂಡು ದಂಪತಿಗಳು 1954ರ ಕೊನೆಯಲ್ಲಿ ಕಾಲಿಮ್ನೋಸ್ ದ್ವೀಪಕ್ಕೆ ಬಂದರು, ಅಲ್ಲಿಂದ 1955ರಲ್ಲಿ ಹೈಡ್ರಾಕ್ಕೆ. 1956ರಲ್ಲಿ ಇಲ್ಲೊಂದು ಮನೆ ಕೊಂಡರು. ಮೂರನೆಯ ಮಗು ಅದೇ ವರ್ಷ ಇಲ್ಲಿಯೇ ಹುಟ್ಟಿತು. ಆ ಕಾಲದಲ್ಲಿ ಡಾಲರೊಂದಕ್ಕೆ 30 ದ್ರಾಕ್ಮಾ, ಪೌಂಡಿಗೆ 84. ಹೊರಗಿನಿಂದ ಒಂದು ಸಣ್ಣ ಚೆಕ್ಕು ಬಂದರೂ ದ್ರಾಕ್ಮಾಗಳಲ್ಲಿ ಅದು ದೊಡ್ಡ ಗಂಟಾಗುತ್ತಿತ್ತು. ಚೆಕ್ಕು ಬರಬೇಕಿತ್ತು, ಅಷ್ಟೆ. ಅಂಚೆ ಬರುತ್ತಿದ್ದದ್ದು ಹಡಗಿನಲ್ಲಿ. ಬೆಳಿಗ್ಗೆಯೆಲ್ಲ ಬೆರಳಚ್ಚು ಯಂತ್ರದ ಮುಂದೆ ಕೂತವರು, ಹಡಗಿನ ಹೊತ್ತಿಗೆ ಬಂದರಿಗಿಳಿದು, ಕಾತ್ಸಿಕಾಸ್ ಸಹೋದರರ ಕಿರಾಣಿ ಅಂಗಡಿಯಲ್ಲಿ ಸೇರುತ್ತಿದ್ದರು. ಪ್ರಕಾಶಕರಿಂದ ಹಣ ಬಂದಿದ್ದರೆ ಬಾಕಿ ತೀರಿಸುವುದು, ಬಾರದಿದ್ದರೆ ಮತ್ತೆ ಉದ್ರಿ ಬರೆಸುವುದು. ಊರಿನ ಅಂಗಡಿಯವನ ಔದಾರ್ಯದ ಮೇಲೆ ಎಷ್ಟೊಂದು ಸಾಹಿತ್ಯ ನಿಂತಿರುತ್ತದೆ ಎಂಬುದನ್ನು ಸಾಹಿತ್ಯ ಚರಿತ್ರೆಗಳಲ್ಲಿ ಯಾರೂ ಬರೆಯುವುದಿಲ್ಲ.

ಕೆನಡಾದ ಲಿಯೊನಾರ್ಡ್ ಕೋಹೆನ್ ಹೈಡ್ರಾಕ್ಕೆ ಬಂದದ್ದು 1960ರಲ್ಲಿ, ಇಪ್ಪತ್ತೈದರ ತರುಣ ಕವಿಯಾಗಿ. ಆರಂಭದ ದಿನಗಳಲ್ಲಿ ಅವರಿಗೆ ನೆರವಾದವರು ಜಾನ್‌ಸ್ಟನ್ ದಂಪತಿಗಳೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಜ್ಜಿಯಿಂದ ಬಂದ ಹಣದಲ್ಲಿ, 1,500 ಡಾಲರಿಗೆ ಒಂದು ಮನೆಯನ್ನು ಕೊಂಡರು. ದ್ರಾಕ್ಮಾದಲ್ಲಿ 45,000. ಮನೆಯಲ್ಲಿ ವಿದ್ಯುತ್ತಿರಲಿಲ್ಲ, ನಲ್ಲಿಯಿರಲಿಲ್ಲ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಓದು, ಬರಹ. ಮುಂದೆ ದ್ವೀಪದಲ್ಲಿ ತಂತಿಗಳನ್ನು ಎಳೆದಾಗ ಅವುಗಳ ಮೇಲೆ ಹಕ್ಕಿಗಳು ಬಂದು ಕೂತದ್ದು ಅವರ ಒಂದು ಪ್ರಸಿದ್ಧ ಹಾಡಿಗೆ ಮೂಲವಾಯಿತು. ವರ್ಷಕ್ಕೆ ಸಾವಿರ ಡಾಲರಿನ ಆಸುಪಾಸಿನಲ್ಲಿ ಇಲ್ಲಿ ಬದುಕಬಹುದಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹಣ ಮುಗಿದಾಗ ಕೆನಡಾಕ್ಕೆ ಹೋಗಿ, ಮತ್ತೆ ಬರಲು ಬೇಕಾದಷ್ಟು ಗಳಿಸಿಕೊಂಡು ಹಿಂದಿರುಗುತ್ತಿದ್ದರು. 1963ರ 'ದಿ ಫೇವರಿಟ್ ಗೇಮ್', 1966ರ 'ಬ್ಯೂಟಿಫುಲ್ ಲೂಸರ್ಸ್' ಕಾದಂಬರಿಗಳ ಹಿಂದೆ ಈ ಮನೆಯಿದೆ.

ಸಾವಿರ ಡಾಲರೆಂದರೆ ದಿನಕ್ಕೆ 82 ದ್ರಾಕ್ಮಾ. ಇನ್ನು ನಮ್ಮ ಲೆಕ್ಕ ಕೇಳಿ. ಕೋಣೆಗೆ ರಾತ್ರಿಗೆ 85 ಯೂರೋದಂತೆ ಐದು ರಾತ್ರಿಗೆ 425. ಹಡಗು ಇಬ್ಬರಿಗೆ ಹೋಗಿಬರಲು 160. ಮೆಟ್ರೋ 36. ಹೇಸರಗತ್ತೆ 20. ಊಟ, ತಿಂಡಿ, ಕಾಫಿ ದಿನಕ್ಕೆ 50ರಂತೆ ಆರು ದಿನಕ್ಕೆ 300. ಸಣ್ಣಪುಟ್ಟದ್ದು 39. ಒಟ್ಟು 980 ಯೂರೋ. ರೂಪಾಯಿಗಳಲ್ಲಿ 89,000ಕ್ಕೆ ತುಸು ಮೇಲೆ. ಕೋಹೆನ್ ಅವರ ಒಂದು ವರ್ಷದ ಖರ್ಚನ್ನು ನಾವು ಆರು ದಿನಗಳಲ್ಲಿ ಮುಗಿಸಿದೆವು! ನಿಜ, 1960ರ ಡಾಲರಿನ ಬೆಲೆ ಇಂದಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಾಗೆ ನೋಡಿದರೆ ಹೋಲಿಕೆ ಸರಿಯಲ್ಲ. ಆದರೂ ಬಡ ಲೇಖಕನೊಬ್ಬ ಸುಮ್ಮನೆ ಬಂದು ಮನೆ ಮಾಡಬಹುದಾದ ಊರಾಗಿ ಅದು ಉಳಿದಿಲ್ಲ. ಸೋಫಿಯಾ ಲಾರೆನ್ ನಟಿಸಿದ 'ಬಾಯ್ ಆನ್ ಎ ಡಾಲ್ಫಿನ್' ಚಲನಚಿತ್ರದ ಚಿತ್ರೀಕರಣ ಇಲ್ಲಿ ನಡೆದು, 1957ರಲ್ಲಿ ಅದು ತೆರೆಕಂಡ ಮೇಲೆ ಪ್ರವಾಸಿಗರ ಕಣ್ಣು ದ್ವೀಪದ ಮೇಲೆ ಬಿತ್ತು. ಲೇಖಕರು ಬಂದು ಊರಿಗೆ ಹೆಸರು ತಂದರು. ಹೆಸರು ಬೆಲೆಯನ್ನು ತಂದಿತು. ಆ ಬೆಲೆ ಲೇಖಕರನ್ನು ಹೊರಗಟ್ಟಿತು.

ಸಸ್ಯಾಹಾರಿಗಳ ಪಾಡೇನು ಎಂದು ನಮ್ಮ ಅತ್ತಿಗೆ ಕೇಳಿದ್ದರು. ಚಿಂತೆಯಿಲ್ಲ. ಅವರೆಕಾಳಿಗಿಂತ ದೊಡ್ಡದಾದ ಬಿಳಿ ಕಾಳನ್ನು ಟೊಮೇಟೊ ಗೊಜ್ಜಿನಲ್ಲಿ ಬೇಯಿಸುತ್ತಾರೆ. ಹಳದಿ ಬೇಳೆಯನ್ನು ನುಣ್ಣಗೆ ಅರೆದು ಮೇಲೆ ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಒಗ್ಗರಣೆ ಮರೆತ ತೊವ್ವೆಯೆಂದುಕೊಂಡರೆ ಆಯಿತು. ಬೇಯಿಸಿದ ಸೊಪ್ಪಿಗೆ ನಿಂಬೆರಸ ಹಿಂಡಿರುತ್ತಾರೆ. ಗಟ್ಟಿ ಮೊಸರಂತೂ ಅಮೃತ. ಕಾಫಿಯನ್ನು ಸಣ್ಣ ಲೋಟದಲ್ಲಿ ಗಸಿಯ ಸಮೇತ ಕೊಡುತ್ತಾರೆ. ಬಂದರಿನಂಚಿನಲ್ಲಿ ಅದಕ್ಕೆ 4 ಯೂರೋ. ಮೊದಲ ದಿನ ಆ ಬಿಲ್ಲನ್ನು ನೋಡಿ, "ಒಂದು ಲೋಟ ಕಾಫಿಗೆ 364 ರೂಪಾಯಿ!" ಎಂದು ಗೊಣಗಿದೆ. ಮಗಳು, "ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಬರೆದುಕೊಂಡಿರುತ್ತಿದ್ದಳು" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ನನ್ನ ಶ್ರೀಮತಿ ತೀರಿಕೊಂಡದ್ದು 2019ರಲ್ಲಿ. ಮದುವೆಯಾದ 1976ರಿಂದ ಕೊನೆಯ ತಿಂಗಳವರೆಗೂ ಆಕೆ ಮನೆಯ ಖರ್ಚನ್ನು ದಿನವೂ ಬರೆದಿಟ್ಟಿದ್ದಳು.

ಸಂಜೆಗಳಲ್ಲಿ ಕೋಣೆಯ ಮುಂದಿನ ಜಗುಲಿಯಲ್ಲಿ ಕೂತು ಚಾರ್ಮಿಯನ್ ಕ್ಲಿಫ್ಟ್ ಅವರ 'ಪೀಲ್ ಮಿ ಎ ಲೋಟಸ್' ಓದಿದೆ. ಹೈಡ್ರಾದಲ್ಲಿನ ಸಂಸಾರವನ್ನು ಕುರಿತ ಈ ಪುಸ್ತಕ ಪ್ರಕಟವಾದದ್ದು 1959ರಲ್ಲಿ. ಮಿಲ್ಲರ್ ಅವರ ಪುಸ್ತಕದಲ್ಲಿ ನಾನು ಕಂಡಿದ್ದ ಬಿಳಿಯ ಮನೆಯ ಒಳಗನ್ನು ಈ ಪುಸ್ತಕ ತೋರಿಸಿತು. ಸೋರುವ ಮಾಡು, ನೀರಿನ ತಾಪತ್ರಯ, ಬಸುರಿ ಹೆಂಗಸು, ಮಕ್ಕಳ ಊಟ, ಬಾರದ ಹಣ. ಮೇಜಿನ ಮುಂದೆ ಲೇಖಕ ಕೂತಿರುವಾಗ ಒಲೆಯ ಮುಂದೆ ಯಾರಾದರೂ ಇರಲೇಬೇಕೆಂಬ ಸಣ್ಣ ಸಂಗತಿ ನನ್ನ ಐವತ್ತು ವರ್ಷಗಳ ಕನಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಜಾರ್ಜ್ ಅವರಿಗೆ 1959ರಲ್ಲಿ ಕ್ಷಯರೋಗವೆಂದು ತಿಳಿಯಿತು. ಆ ಮೇಲೆ ಅವರು ತಮ್ಮ ಅತ್ಯುತ್ತಮ ಕಾದಂಬರಿಯಾದ 'ಮೈ ಬ್ರದರ್ ಜ್ಯಾಕ್' ಅನ್ನು ಇದೇ ದ್ವೀಪದಲ್ಲಿ ಬರೆದರು. ಅವರು ಬರೆಯುವಾಗ ಚಾರ್ಮಿಯನ್ ದಿನವೂ ಹತ್ತಿರದ ಮೆಟ್ಟಿಲ ಮೇಲೆ ಕೂತು, ಗಂಡನ ನೆನಪುಗಳನ್ನು ಕೆದಕುತ್ತ, ಬರೆದದ್ದನ್ನು ಕೇಳುತ್ತ, ಚರ್ಚಿಸುತ್ತ ಇದ್ದರು. ಅದಕ್ಕಾಗಿ ತಮ್ಮದೇ ಒಂದು ಕಾದಂಬರಿಯನ್ನು ಬದಿಗಿಟ್ಟರು. ಜಾರ್ಜ್ ಅವರ ಪುಸ್ತಕ 1964ರಲ್ಲಿ ಪ್ರಕಟವಾಗಿ ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪುರಸ್ಕಾರವಾದ ಮೈಲ್ಸ್ ಫ್ರ್ಯಾಂಕ್ಲಿನ್ ಪ್ರಶಸ್ತಿಯನ್ನು ಪಡೆಯಿತು. ಸಂಸಾರ ಅದೇ ವರ್ಷ ತಾಯ್ನಾಡಿಗೆ ಮರಳಿತು. ಚಾರ್ಮಿಯನ್ ಅಲ್ಲಿ ಪತ್ರಿಕೆಯ ವಾರದ ಅಂಕಣದಿಂದ ಮನೆಮಾತಾದರು. ಬದಿಗಿಟ್ಟ ಕಾದಂಬರಿ ಮುಗಿಯಲಿಲ್ಲ. 1969ರ ಜುಲೈಯಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಅವರು ತಾವೇ ಪ್ರಾಣ ಕಳೆದುಕೊಂಡರು. ಮರುವರ್ಷ ಜಾರ್ಜ್ ಕೂಡ ತೀರಿಕೊಂಡರು. ಆ ಅಪೂರ್ಣ ಕಾದಂಬರಿ, 'ದಿ ಎಂಡ್ ಆಫ್ ದಿ ಮಾರ್ನಿಂಗ್', ಪುಸ್ತಕರೂಪದಲ್ಲಿ ಬೆಳಕು ಕಂಡದ್ದು 2024ರಲ್ಲಿ, ನಾನು ಹೈಡ್ರಾದ ಮೆಟ್ಟಿಲು ಹತ್ತಿದ ವರ್ಷವೇ.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಕಾಮಿನಿ ಎಂಬ ಪಕ್ಕದ ಹಳ್ಳಿಗೆ ಹೋಗುವ ಸಮುದ್ರದಂಚಿನ ದಾರಿಯಲ್ಲಿ, ಕೋಹೆನ್ ಅವರ ಅಭಿಮಾನಿಗಳು 2017ರಲ್ಲಿ ಇರಿಸಿದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವಳು ಕೇಳುತ್ತ ಕೇಳುತ್ತ, ಸಮುದ್ರವನ್ನೇ ನೋಡುತ್ತ ಅಂದಳು: "ಅಪ್ಪಾ, ನೀನು ರಜೆ ಹಾಕಿ ಕಾದಂಬರಿ ಬರೆದ ವರ್ಷ ಅಮ್ಮ ಟಿ.ಸಿ.ಎಚ್.ಗೆ ಅರ್ಜಿ ಹಾಕಿದ್ದಳು. ನಿನಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ.

ಇಲ್ಲಿ ನಿಮಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. 1981ರ ಜೂನಿನಿಂದ ಒಂದು ವರ್ಷ ನಾನು ಶಾಲೆಗೆ ವೇತನವಿಲ್ಲದ ರಜೆ ಹಾಕಿದ್ದೆ. ಆಗ ನನ್ನ ಸಂಬಳ 800 ರೂಪಾಯಿಯ ಆಸುಪಾಸು. ಮಗಳಿಗೆ ಮೂರು ವರ್ಷ. ಗ್ರೀಸಿಗೆ ಹೋಗಲಾಗದಿದ್ದರೇನು, ಅಟ್ಟದ ಮೇಲಿನ ಕೋಣೆಯನ್ನೇ ದ್ವೀಪ ಮಾಡಿಕೊಂಡು ಕಾದಂಬರಿ ಬರೆಯುತ್ತೇನೆಂದು ಹೊರಟೆ. 240 ಪುಟ ಬರೆದೆ. ಮುಂದೆ ಸಾಗಲಿಲ್ಲ. 1982ರ ಜೂನಿನಲ್ಲಿ ಶಾಲೆಗೆ ಹಿಂದಿರುಗಿದೆ. ಆಮೇಲೆ ತರಗತಿಗಳಲ್ಲಿ, ಸಾಹಿತಿಗಳ ಮಾತು ಬಂದಾಗಲೆಲ್ಲ, "ಸಂಸಾರದ ನೊಗ ಹೆಗಲಿಗೇರದಿದ್ದರೆ ನಿಮ್ಮ ಮೇಷ್ಟ್ರೂ ಒಂದು ಕಾದಂಬರಿ ಬರೆದಿರುತ್ತಿದ್ದರು" ಎಂದು ತಮಾಷೆ ಮಾಡುತ್ತಿದ್ದೆ. ನೀವು ನಗುತ್ತಿದ್ದಿರಿ. ಇಪ್ಪತ್ತೈದು ವರ್ಷ, ನಿವೃತ್ತಿಯಾದ 2007ರವರೆಗೂ, ಅದನ್ನೇ ಹೇಳಿದೆ. ಮನೆಗೆ ಬಂದ ಅತಿಥಿಗಳ ಮುಂದೆ, ಕಾಫಿ ತಂದುಕೊಡುತ್ತಿದ್ದ ಆಕೆಯ ಎದುರಿಗೂ ಹೇಳಿದ್ದೇನೆ. ಆಕೆ ಏನೂ ಅನ್ನುತ್ತಿರಲಿಲ್ಲ.

"ಆಯ್ಕೆಯ ಪತ್ರವೂ ಬಂದಿತ್ತಂತೆ. ಚಿಕ್ಕಮ್ಮ ಹೇಳಿದಳು" ಎಂದಳು ಮಗಳು. "ಒಬ್ಬರ ಸಂಬಳ ನಿಂತಿರುವಾಗ ಇಬ್ಬರೂ ಮನೆ ಬಿಟ್ಟು ಹೇಗೆ ಕೂರುವುದು ಅಂದಳಂತೆ ಅಮ್ಮ. ಮುಂದಿನ ವರ್ಷ ನೋಡೋಣ ಅಂದುಕೊಂಡಳಂತೆ. ಮುಂದಿನ ವರ್ಷ ಅಜ್ಜಿ ಹಾಸಿಗೆ ಹಿಡಿದರಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆನೇನೋ. ಹಿಂದಿರುಗುವ ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಉಳಿದ ಎರಡು ದಿನವೂ ನಾನು ಬೆಲೆಗಳ ಬಗ್ಗೆ ಗೊಣಗಲಿಲ್ಲವೆಂದು ಮಗಳು ಆಮೇಲೆ ನೆನಪಿಸಿದಳು.

ಊರಿಗೆ ಬಂದ ಮೇಲೆ ಅಟ್ಟದಿಂದ ಟ್ರಂಕನ್ನು ಇಳಿಸಿದೆ. ಲೆಕ್ಕದ ಪುಸ್ತಕಗಳೆಲ್ಲ ವರ್ಷವಾರು ಜೋಡಿಸಿದ್ದವು. 1981ರದ್ದನ್ನು ತೆಗೆದೆ. ಮೇ ತಿಂಗಳಲ್ಲಿ, ಹಾಲು ಮತ್ತು ಸೀಮೆಎಣ್ಣೆಯ ನಡುವೆ, ಅವಳ ದುಂಡಗಿನ ಅಕ್ಷರ: "ಟಿ.ಸಿ.ಎಚ್. ಅರ್ಜಿ 5.00. ಅಂಚೆ 2.25." ಜೂನಿನಿಂದ ಸಂಬಳದ ಸಾಲು ಖಾಲಿ. ಜುಲೈಯಿಂದ ಜಮೆಯ ಕಡೆ ಹೊಸ ಬಾಬತ್ತು: "ರವಿಕೆ ಹೊಲಿದದ್ದು 3.00", "ರವಿಕೆ 2, ಲಂಗ 1, 8.00". ಮಧ್ಯಾಹ್ನಗಳಲ್ಲಿ ಕೆಳಗೆ ಹೊಲಿಗೆ ಯಂತ್ರದ ಸದ್ದಾಗುತ್ತಿದ್ದದ್ದು ನನಗೆ ನೆನಪಿದೆ. ಬರವಣಿಗೆಗೆ ಅಡ್ಡಿಯಾಗುತ್ತದೆಂದು ಒಮ್ಮೆ ಮೇಲಿನಿಂದಲೇ ಕೂಗಿ ಹೇಳಿದ್ದೂ ನೆನಪಿದೆ. ಮರುದಿನದಿಂದ ಆಕೆ ಯಂತ್ರವನ್ನು ಹಿತ್ತಿಲ ಕೋಣೆಗೆ ಸಾಗಿಸಿಕೊಂಡಿದ್ದಳು. ಆಗಸ್ಟಿನಲ್ಲಿ: "ಬಿಳಿ ಕಾಗದ 1 ರೀಮು (ಇವರಿಗೆ) 28.00." ಪ್ರತಿ ತಿಂಗಳ ಕೊನೆಗೆ ಅಂಗಡಿಯ ಉದ್ರಿ ಬಾಕಿ. ಅದು ಪೂರ್ತಿ ತೀರಿದ್ದು 1983ರ ಮಾರ್ಚಿಯಲ್ಲಿ; ಆ ಸಾಲಿನ ಕೆಳಗೆ ಆಕೆ ಎರಡು ಗೆರೆ ಎಳೆದಿದ್ದಳು.

ನನ್ನ 240 ಪುಟಗಳೂ ಅದೇ ಟ್ರಂಕಿನಲ್ಲಿದ್ದವು. ಮತ್ತೆ ಓದಿದೆ. ಸಂಸಾರದ ನೊಗದಿಂದ ನಿಂತುಹೋದ ಕೃತಿಯಲ್ಲ ಅದು. ಬರೆಯುವವನಿಗೆ ಹೇಳಲು ಇದ್ದದ್ದು ಅಷ್ಟೇ, ಆದ್ದರಿಂದ ನಿಂತಿದೆ. ಯಾವುದೇ ತರಗತಿಯ ಉತ್ತರಪತ್ರಿಕೆಯಾಗಿದ್ದರೂ ಇದು ನನಗೆ ಮೊದಲ ಓದಿನಲ್ಲೇ ತಿಳಿಯುತ್ತಿತ್ತು. ಆ ವರ್ಷ ನೊಗಕ್ಕೆ ಹೆಗಲು ಕೊಟ್ಟವಳು ಆಕೆ. ಆಕೆ ಟೀಚರಾಗಿದ್ದರೆ ನಮ್ಮ ತಾಲ್ಲೂಕಿನ ಎಷ್ಟು ಮಕ್ಕಳು ಆ ದುಂಡಗಿನ ಅಕ್ಷರವನ್ನು ಕಲಿಯುತ್ತಿದ್ದರೋ! ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ತನ್ನ ಮನೆಯಲ್ಲೇ ಇದ್ದ ಒಬ್ಬ ಟೀಚರನ್ನು ಗುರುತಿಸಲಿಲ್ಲ.

ತಪ್ಪು ಪಾಠ ಹೇಳಿದ ಮೇಷ್ಟ್ರು ಅದನ್ನು ಅದೇ ತರಗತಿಯ ಮುಂದೆ ತಿದ್ದಬೇಕು. ನೀವೆಲ್ಲ ಈಗ ಬೆಂಗಳೂರು, ಮೈಸೂರು, ಮಸ್ಕತ್, ಟೆಕ್ಸಾಸ್ ಎಂದು ಚದುರಿಹೋಗಿದ್ದೀರಿ. ಇದಕ್ಕಿಂತ ಬೇರೆ ತರಗತಿ ನನಗೆ ಸಿಗುವುದಿಲ್ಲ. ಆ ನೊಗದ ಮಾತನ್ನು ನಿಮ್ಮಲ್ಲಿ ಯಾರಾದರೂ ಇನ್ನೂ ನೆನಪಿಟ್ಟುಕೊಂಡಿದ್ದರೆ, ದಯವಿಟ್ಟು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದುಕೊಳ್ಳಿ.

1981ರ ಆ ಪುಸ್ತಕದ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆಗಳಿದ್ದವು. ಅವುಗಳಲ್ಲಿ ಹೈಡ್ರಾದ ಆರು ದಿನಗಳ ಖರ್ಚನ್ನು, ಆಕೆಯ ಕ್ರಮದಲ್ಲೇ, ಬಾಬತ್ತು ಒಂದು ಕಡೆ, ಮೊತ್ತ ಒಂದು ಕಡೆ, ಬರೆದಿಟ್ಟಿದ್ದೇನೆ. ಕಾಫಿಯ 4 ಯೂರೋ ಕೂಡ ಇದೆ. ಮೊತ್ತ ಕೂಡಿಸಿದೆ, ಸರಿಬಂತು. ಕೆಳಗೆ ಎರಡು ಗೆರೆ ಎಳೆಯಲು ಮಾತ್ರ ಕೈ ಬರಲಿಲ್ಲ.